ಲಿಫ್ಟ್ ಹತ್ತಿದ ನಾಯಿ ಚೈನು

"ಇಲ್ಲೇ ಇತ್ತು ಕಣೇ. ಈ ಕೊಂಡಿಗೇ ಸಿಕ್ಕಿಸಿದ್ದೆ ನಾನು."

ಅಪ್ಪ ಯೂಟ್ ಗಾಡಿಯ ಹಿಂದಿನ ತೆರೆದ ಟ್ರೇಯನ್ನೆಲ್ಲ ಜಾಲಾಡುತ್ತಿದ್ದ. ಅಲ್ಲಿ ತಂತಿಯ ಸುರುಳಿ ಇತ್ತು, ಕುರಿ ಔಷಧಿಯ ಡಬ್ಬ ಇತ್ತು, ಒದ್ದೆ ಹುಲ್ಲು ಇತ್ತು. ಟಿಂಕರ್‌ನ ಚೈನು ಮಾತ್ರ ಇರಲಿಲ್ಲ. ಅದಿಲ್ಲದ ಕಾರಣ ಟಿಂಕರ್ ಎಂಬ ಆ ಕುರಿನಾಯಿ ಬೆಳಿಗ್ಗೆ ಮನೆಯಿಂದ ಈ ಹಿಮದ ಬೆಟ್ಟದವರೆಗೂ ಗಾಡಿಯ ಒಳಗೇ ರಾಜನ ಹಾಗೆ ಕೂತು ಬಂದಿತ್ತು. ದಾರಿಯಲ್ಲಿ ಅಪ್ಪನ ಮೀಟ್ ಪೈ ಕೂಡ ಅದರ ಹೊಟ್ಟೆ ಸೇರಿತ್ತು.

"ನೀನೇನಾದ್ರೂ ನೋಡಿದ್ಯಾ, ಬ್ರಿಯೋನಿ?"

"ಇಲ್ಲಪ್ಪ."

ಬ್ರಿಯೋನಿ ತನ್ನ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಚೈನು ಅವಳ ಜಾಕೆಟ್ಟಿನ ಒಳಗೇ ಇತ್ತು. ಎರಡು ಸ್ವೆಟರ್ ದಾಟಿ ಅದರ ತಂಪು ಅವಳ ಹೊಟ್ಟೆಗೆ ತಾಗುತ್ತಿತ್ತು.

ಇದಕ್ಕೆಲ್ಲ ಕಾರಣ ಅಣ್ಣ ಕ್ಲೆಮ್. ನಿನ್ನೆ ರಾತ್ರಿ ಊಟದ ಹೊತ್ತಿಗೆ ಬ್ರಿಯೋನಿ ಜಂಬದಿಂದ, "ನಾಳೆ ನಾನು ಚೇರ್‌ಲಿಫ್ಟಲ್ಲಿ ಮೇಲೆ ಹೋಗ್ತೀನಿ," ಎಂದಿದ್ದಳು. ಕ್ಲೆಮ್ ಆಲೂಗಡ್ಡೆ ಅಗಿಯುತ್ತಲೇ, "ಗೊತ್ತು. ಅಲ್ಲಿ ನಿನ್ನನ್ನ ಚೇರ್‌ಗೆ ಕಟ್ಟೋದು ಒಂದೇ ಒಂದು ಪಟ್ಟಿ. ನೋಡಿದ್ದೀನಿ ನಾನು. ನನ್ನ ಸ್ಕೂಲ್ ಬ್ಯಾಗಿಂದೇ ಅದಕ್ಕಿಂತ ದಪ್ಪ ಇದೆ," ಎಂದಿದ್ದ. ಅಷ್ಟು ಹೇಳಿ ಅವನು ಗೊರಕೆ ಹೊಡೆದು ಮಲಗಿದ. ಬ್ರಿಯೋನಿಗೆ ಮಾತ್ರ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಟಿಂಕರ್ ಕುರಿ ಕಂಡರೆ ಓಡುವ ಗಾಡಿಯಿಂದಲೂ ಹಾರುವ ನಾಯಿ. ಅದಕ್ಕೇ ಅಪ್ಪ ಆ ಚೈನು ತಂದದ್ದು. ಗಿಡ್ಡ ಚೈನು, ಎರಡೂ ತುದಿಗೆ ಗಟ್ಟಿ ಸ್ಪ್ರಿಂಗ್ ಕೊಕ್ಕೆ. ಅದರ ಬಗ್ಗೆ ಅಪ್ಪ ಯಾವಾಗಲೂ ಹೇಳುತ್ತಿದ್ದುದು ಒಂದೇ ಮಾತು: "ಎಷ್ಟು ಜಗ್ಗಿದ್ರೂ ಬಿಚ್ಕೊಳ್ಳಲ್ಲ."

ಬ್ರಿಯೋನಿಗೆ ಬೇಕಾಗಿದ್ದುದೂ ಅದೇ.

ಬೆಟ್ಟದ ಬುಡದ ಸ್ಕೀ ಶೆಡ್ಡಿನಲ್ಲಿ ಗ್ಲೆನಿಸ್ ಮತ್ತು ಜೋಯೆಲ್ ಕಾಯುತ್ತಿದ್ದರು. ಗ್ಲೆನಿಸ್ ಬ್ರಿಯೋನಿಯ ಊರಿನಲ್ಲೇ ವರ್ಷಗಟ್ಟಲೆ ಶಾಲೆಯ ಬಸ್ಸು ಓಡಿಸಿದವರು. ಈಗ ಚಳಿಗಾಲದ ಶನಿವಾರಗಳೆಲ್ಲ ಈ ಬೆಟ್ಟಕ್ಕೇ ಮೀಸಲು. ನಡೆಯಲಾಗದವರನ್ನು, ಕಣ್ಣು ಕಾಣದವರನ್ನು ಸ್ಕೀ ಆಡಿಸುವ ಸ್ವಯಂಸೇವಕರಲ್ಲಿ ಅವರೂ ಒಬ್ಬರು. ಸಂಬಳ ಇಲ್ಲ, ಮಧ್ಯಾಹ್ನಕ್ಕೆ ಬಿಸಿ ಸೂಪು ಉಂಟು. ಜೋಯೆಲ್ ಕಾಲೇಜು ಹುಡುಗ, ಬಾಯಿ ಮುಚ್ಚಿ ಗೊತ್ತಿಲ್ಲದವನು.

ಇಬ್ಬರೂ ಸೇರಿ ಬ್ರಿಯೋನಿಯನ್ನು ಎತ್ತಿ ಸಿಟ್‌ಸ್ಕೀಯಲ್ಲಿ ಕೂರಿಸಿದರು. ಅದು ಆಳವಾದ ಒಂದು ಪ್ಲಾಸ್ಟಿಕ್ ಸೀಟು, ಅದರ ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಕೆಳಗೆ ಒಂದೇ ಒಂದು ಸ್ಕೀ. ಕೈಗೆ ಎರಡು ಊರುಗೋಲು, ಅವುಗಳ ತುದಿಗೂ ಪುಟ್ಟ ಸ್ಕೀಗಳು.

ಜೋಯೆಲ್ ಬಗ್ಗಿ ಅವಳ ಮಂಡಿಯ ಪಟ್ಟಿ ಬಿಗಿಯುತ್ತಿದ್ದಾಗ ಬ್ರಿಯೋನಿ ಚೈನಿನ ಒಂದು ಕೊಕ್ಕೆಯನ್ನು ಸೊಂಟದ ಪಕ್ಕದ ಸೀಟಿನ ಕಂಬಿಗೆ ಹಾಕಿದಳು. ಮೇಲೆ ಜಾಕೆಟ್ ಎಳೆದುಕೊಂಡಳು. ಯಾರೂ ನೋಡಲಿಲ್ಲ.

ಗ್ಲೆನಿಸ್‌ದು ಒಂದು ಪದ್ಧತಿ. ಹೊರಡುವ ಮುಂಚೆ ಒಂದೊಂದನ್ನೂ ಕೈಯಿಂದ ಮುಟ್ಟಿ ಕೇಳುವುದು. ಕೂತವರು ಬಾಯಿಬಿಟ್ಟು ಉತ್ತರ ಹೇಳಬೇಕು. ಸುಮ್ಮನೆ ತಲೆ ಆಡಿಸಿದರೆ ಅವರು ಹೊರಡುವುದೇ ಇಲ್ಲ.

"ಹೆಲ್ಮೆಟ್?"

"ಇದೆ."

"ಸೊಂಟದ ಬೆಲ್ಟು?"

"ಬಿಗಿ."

"ಮಂಡಿ ಪಟ್ಟಿ?"

"ಬಿಗಿ."

"ಕೆಂಪು ಪಟ್ಟಿ?" ಗ್ಲೆನಿಸ್ ಅದನ್ನು ಎತ್ತಿ ತೋರಿಸಿದರು. ಲಿಫ್ಟಿನ ಚೇರ್‌ಗೆ ಹಾಕುವ ಪಟ್ಟಿ ಅದೇ. ಕ್ಲೆಮ್ ಹೇಳಿದ್ದು ಸುಳ್ಳಲ್ಲ, ಅದು ಬೆರಳಷ್ಟೇ ಅಗಲ ಇತ್ತು.

"ಇದೆ," ಎಂದಳು ಬ್ರಿಯೋನಿ.

ಲಿಫ್ಟಿನ ಹತ್ತಿರ ಸದ್ದೇ ಸದ್ದು. ಮೇಲಿನ ಉಕ್ಕಿನ ಹಗ್ಗಕ್ಕೆ ನೇತುಬಿದ್ದ ಖಾಲಿ ಚೇರ್‌ಗಳು ಗಿರಕಿ ಹೊಡೆದು ಬರುತ್ತಿದ್ದವು, ಜನ ಕೂರುತ್ತಿದ್ದರು, ಹೋಗುತ್ತಿದ್ದರು. ಗ್ಲೆನಿಸ್ ಅಂಗೈ ಕೆಳಗೆ ಮಾಡಿ ಲಿಫ್ಟಿನ ಹುಡುಗನಿಗೆ ಸನ್ನೆ ಮಾಡಿದರು. ಅವನು ವೇಗ ತಗ್ಗಿಸಿದ. "ಈಗ," ಎಂದ ಜೋಯೆಲ್. ಇಬ್ಬರೂ ಒಟ್ಟಿಗೆ ಎತ್ತಿದರು. ಚೇರ್ ಹಿಂದಿನಿಂದ ಬಂದು ಮೂವರನ್ನೂ ಹೊತ್ತುಕೊಂಡಿತು. ಎಡಕ್ಕೆ ಗ್ಲೆನಿಸ್, ಬಲಕ್ಕೆ ಜೋಯೆಲ್, ನಡುವೆ ಬ್ರಿಯೋನಿ.

ಗ್ಲೆನಿಸ್ ಕೆಂಪು ಪಟ್ಟಿಯನ್ನು ಸಿಕ್ಕಿಸಿದರು. ಜೋಯೆಲ್ ತಲೆಯ ಮೇಲಿನ ಅಡ್ಡಕಂಬಿಯನ್ನು ಇಳಿಸಿದ. ಆ ಹೊತ್ತಿಗೇ ಬ್ರಿಯೋನಿ ಚೈನಿನ ಇನ್ನೊಂದು ತುದಿಯನ್ನು ಬೆನ್ನ ಹಿಂದೆ ಒಯ್ದು ಚೇರಿನ ಕಂಬಿಗೆ ಹಾಕಿದಳು. ಟಕ್ ಎಂದಿತು.

"ಏನದು?" ಎಂದ ಜೋಯೆಲ್.

"ಏನಿಲ್ಲ."

ನೆಲ ಕೆಳಗೆ ಹೋಯಿತು. ಹಿಮ ಹೊತ್ತ, ನೀಲಗಿರಿ ಜಾತಿಯ ಗಮ್ ಮರಗಳ ನೆತ್ತಿ ಅವಳ ಸ್ಕೀಯ ಕೆಳಗೆ ಬಂತು. ಹಿಂದಿನ ಎರಡು ಶನಿವಾರ ಅವಳು ಪುಟಾಣಿ ಮಕ್ಕಳ ಜೊತೆ ಚಲಿಸುವ ಕಾರ್ಪೆಟ್ಟಿನಲ್ಲಿ ಮೇಲೆ ಹೋಗಿ, ಚಿಕ್ಕ ದಿಬ್ಬದಿಂದ ಜಾರಿದ್ದಳು. ಇಲ್ಲಿಂದ ಆ ದಿಬ್ಬ ದಿಂಬಿನಷ್ಟು ಕಾಣುತ್ತಿತ್ತು. ಹೆದರಿಕೆಯೇನೋ ಆಯಿತು. ಆದರೆ ಬೆನ್ನಿಗೆ ಚೈನು ಒತ್ತುತ್ತಿದ್ದುದರಿಂದ ಧೈರ್ಯವೂ ಇತ್ತು.

"ಈಗ ಇಳಿಯೋದು ಹೇಗೆ ಹೇಳ್ತೀನಿ, ಕೇಳು ಪುಟ್ಟಾ," ಎಂದರು ಗ್ಲೆನಿಸ್. "ಮೇಲೆ ಗುಡಿಸಲು ಕಾಣುತ್ತಲ್ಲ, ಅದರ ಮುಂಚಿನ ಕಂಬದ ಹತ್ರ ನಾನು ಕೆಂಪು ಪಟ್ಟಿ ಬಿಚ್ತೀನಿ. ಮತ್ತೆ ಕೇಳ್ತೀನಿ, ನೀನು 'ಬಿಚ್ಚಿದೆ' ಅನ್ನಬೇಕು. ಆಮೇಲೆ ಮೂರೂ ಜನ ಒಟ್ಟಿಗೆ ಮುಂದಕ್ಕೆ."

"ಬಿಚ್ಚದೇ ಇದ್ರೆ?"

"ಬಿಚ್ಚದೇ ಇದ್ರೆ ಚೇರ್ ಬಿಡಲ್ಲ. ನಾವು ಇಳಿದುಬಿಡ್ತೀವಿ, ನಿನ್ನನ್ನ ಅದು ಎಳ್ಕೊಂಡು ಹೋಗುತ್ತೆ. ಅದಕ್ಕೇ ನಾನು ಅಷ್ಟು ಸಲ ಕೇಳೋದು. ಹೆದರಬೇಡ, ಇರೋದು ಒಂದೇ ಪಟ್ಟಿ."

ಚೈನಿಗೆ ಒರಗಿದ್ದ ಬ್ರಿಯೋನಿ ತಟ್ಟನೆ ನೆಟ್ಟಗಾದಳು.

ಇರೋದು ಒಂದೇ ಅಲ್ಲ. ಇನ್ನೊಂದೂ ಇದೆ. ಎಷ್ಟು ಜಗ್ಗಿದರೂ ಬಿಚ್ಚಿಕೊಳ್ಳದ್ದು.

ಅವಳು ಮೆಲ್ಲಗೆ ಬಲಗೈಯನ್ನು ಬೆನ್ನ ಹಿಂದೆ ಹಾಕಿದಳು. ದಪ್ಪ ಗ್ಲೋವ್‌ಗೆ ಕೊಕ್ಕೆ ಸಿಗಲಿಲ್ಲ. ಗ್ಲೋವ್ ಕಚ್ಚಿ ಎಳೆದು ತೆಗೆದಳು. ಅದು ತೊಡೆಯ ಮೇಲಿಂದ ಜಾರಿ, ತಿರುಗುತ್ತ ತಿರುಗುತ್ತ ಕೆಳಗೆ ಬಿತ್ತು. ಅದು ಹಿಮ ಮುಟ್ಟಲು ತುಂಬ ಹೊತ್ತು ಹಿಡಿಯಿತು.

"ಹೋಯ್ತು ಬಿಡು, ಕೆಳಗೆ ಬಿಲದಲ್ಲಿರೋ ಯಾವುದೋ ವೊಂಬ್ಯಾಟ್‌ಗೆ ಟೋಪಿ ಆಯ್ತು," ಎಂದ ಜೋಯೆಲ್. "ಕೈ ಜೇಬಲ್ಲಿ ಇಟ್ಕೋ."

ಅವಳು ಜೇಬಲ್ಲಿ ಇಟ್ಟುಕೊಳ್ಳಲಿಲ್ಲ. ಬೆರಳಿಗೆ ಕೊಕ್ಕೆ ಸಿಕ್ಕಿತು. ಆದರೆ ಸೀಟಿನ ಭಾರಕ್ಕೆ ಚೈನು ಬಿಗಿದು ನಿಂತಿತ್ತು. ಒತ್ತಿದಳು, ತಿರುಚಿದಳು, ಉಗುರು ಹಾಕಿದಳು. ಕಬ್ಬಿಣ ತಣ್ಣಗೆ ಬೆರಳು ಸುಡುತ್ತಿತ್ತು. ಕೊಕ್ಕೆ ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಒಂದು ಕಂಬ ಕಳೆಯಿತು. ಗುಡಿಸಲು ದೊಡ್ಡದಾಯಿತು.

ಹೇಳಿಬಿಡಬೇಕು. ಆದರೆ ಹೇಳಿದರೆ? "ಈ ಹುಡುಗಿಗೆ ಲಿಫ್ಟ್ ಬೇಡ," ಎನ್ನುತ್ತಾರೆ. ಮತ್ತೆ ಕಾರ್ಪೆಟ್ಟು, ಮತ್ತೆ ಮೂಗು ಸೋರುವ ಪುಟಾಣಿಗಳು. ಮನೆಯಲ್ಲಿ ಕುರಿಗಳು ಮರಿ ಹಾಕುವ ಸಮಯ. ಎಲ್ಲ ಬಿಟ್ಟು ಅಪ್ಪ ಅವಳನ್ನು ಕರೆತಂದಿದ್ದಾನೆ. ಕ್ಲೆಮ್ ಅಂತೂ ಜನ್ಮವಿಡೀ ಆಡಿಕೊಳ್ಳುತ್ತಾನೆ. ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ಆದರೂ ಅದು ಕಣ್ಣ ಮುಂದೆ ಬಂತು. ಗ್ಲೆನಿಸ್ ಇಳಿಯುವುದು, ಜೋಯೆಲ್ ಇಳಿಯುವುದು, ತಾನು ಮಾತ್ರ ಚೇರ್‌ಗೆ ಜೋತುಬಿದ್ದು ಉಕ್ಕಿನ ಹಗ್ಗ ತಿರುಗಿಸುವ ದೊಡ್ಡ ಚಕ್ರದ ಕಡೆಗೆ ಹೋಗುವುದು.

"ಕೊನೇ ಕಂಬ ಬಂತು," ಎಂದರು ಗ್ಲೆನಿಸ್. ಅವರ ಕೈ ಕೆಂಪು ಪಟ್ಟಿಯ ಮೇಲಿತ್ತು.

"ಗ್ಲೆನಿಸ್."

"ಏನು ಪುಟ್ಟಾ?"

"ಟಿಂಕರ್ ಚೈನು."

"ಯಾರು ಟಿಂಕರ್?"

"ನಮ್ಮ ನಾಯಿ. ಅದರ ಚೈನು ಹಾಕಿದ್ದೀನಿ. ಹಿಂದೆ, ಚೇರ್‌ಗೆ. ಬಿಚ್ಚೋಕೆ ಆಗ್ತಿಲ್ಲ." ಅವಳು ಇನ್ನೊಮ್ಮೆ ಕೊಕ್ಕೆ ಜಗ್ಗಿದಳು. "ಬಿಚ್ಚೋಕೇ ಆಗ್ತಿಲ್ಲ, ಗ್ಲೆನಿಸ್."

ಗ್ಲೆನಿಸ್ ಅವಳ ಬೆನ್ನ ಹಿಂದೆ ಇಣುಕಿದರು. ಅವರ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. ಲಿಫ್ಟ್ ನಿಲ್ಲಿಸಿ ಎಂದು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಅಡ್ಡ ಹಿಡಿದರು. ಜೋಯೆಲ್ ಬಾಯಿಗೆ ಬೆರಳಿಟ್ಟು ಕಿವಿ ಒಡೆಯುವಂತೆ ಸಿಳ್ಳೆ ಹಾಕಿದ.

ಗುಡಿಸಲಿನ ಒಳಗೆ ಚಹಾ ಕುಡಿಯುತ್ತಿದ್ದ ಹುಡುಗಿ ಕಪ್ಪು ಬಿಟ್ಟು ಗುಂಡಿ ಒತ್ತಿದಳು.

ಲಿಫ್ಟ್ ನಿಂತಿತು. ಚೇರ್ ಮುಂದಕ್ಕೂ ಹಿಂದಕ್ಕೂ ತೂಗಿತು. ಇಳಿಯುವ ಜಾಗ ಎದುರಿಗೇ ಇತ್ತು, ಆದರೆ ಕಾಲ ಕೆಳಗೆ ಇನ್ನೂ ಆಳ ಇತ್ತು. ಹಿಂದಿನ ಚೇರಿನಿಂದ ಯಾರೋ, "ಏನಪ್ಪಾ ಮುಂದೆ, ನಿದ್ದೆ ಹೋದ್ರಾ?" ಎಂದು ಕೂಗಿದರು.

"ಒಂದ್ನಿಮಿಷ, ನಾಯಿ ಕಟ್ಟಿಹಾಕಿದ್ದೀವಿ," ಎಂದು ಜೋಯೆಲ್ ತಿರುಗಿ ಕೂಗಿದ. ನಗು ಅವನ ದನಿಯಲ್ಲಿ ಮಾತ್ರ ಇತ್ತು, ಮುಖದಲ್ಲಿ ಇರಲಿಲ್ಲ.

"ಬ್ರಿಯೋನಿ, ನನ್ನ ಕೈ ಅಲ್ಲಿಗೆ ಹೋಗ್ತಿಲ್ಲ," ಎಂದರು ಗ್ಲೆನಿಸ್. "ಜೋಯೆಲ್ ಸೀಟನ್ನ ಹಿಂದಕ್ಕೆ ಎಳೆದು ಹಿಡೀತಾನೆ. ನೀನು ಮುಂದಕ್ಕೆ ಬಾಗಬೇಕು. ಪೂರ್ತಿ."

"ಮುಂದಕ್ಕೆ ಅಂದ್ರೆ..."

"ಕೆಳಗೆ ಕಾಣೋ ಅಷ್ಟು."

"ಬಿದ್ದುಬಿಡ್ತೀನಿ."

"ಕೆಂಪು ಪಟ್ಟಿ ಇದೆ. ಅಡ್ಡಕಂಬಿ ಇದೆ. ಬೀಳಲ್ಲ."

ಬ್ರಿಯೋನಿ ಆ ಬೆರಳಗಲದ ಪಟ್ಟಿಯನ್ನು ನೋಡಿದಳು. ಕಣ್ಣು ಮುಚ್ಚಿದಳು. ಅಡ್ಡಕಂಬಿಯನ್ನು ಅವುಚಿ ಹಿಡಿದು ಬಾಗಿದಳು, ಇನ್ನೂ ಬಾಗಿದಳು. ಗಾಳಿ ಕೆಳಗಿನಿಂದ ಮುಖಕ್ಕೆ ಬಡಿಯಿತು. ಪಟ್ಟಿ ಕಿರ್ ಎಂದು ಬಿಗಿಯಿತು, ಹಾಗೇ ನಿಂತಿತು.

ಬೆನ್ನ ಹಿಂದೆ ಗ್ಲೆನಿಸ್‌ರ ಕೈ ತಡಕಾಡುತ್ತಿತ್ತು. ಆ ಕೈ ಬರಿಗೈ. ಅದು ನಡುಗುತ್ತಿದ್ದುದು ಜಾಕೆಟ್ಟಿನ ಮೂಲಕವೇ ಬ್ರಿಯೋನಿಗೆ ಗೊತ್ತಾಯಿತು.

"ನಿಮ್ಗೆ ಚಳಿ ಆಗ್ತಿದ್ಯಾ?" ಎಂದಳು ಬಾಗಿದಲ್ಲಿಂದಲೇ.

"ಇಲ್ಲ ಮಗಳೇ," ಎಂದರು ಗ್ಲೆನಿಸ್. "ಹೆದರಿಕೆ. ಅಲ್ಲಾಡಬೇಡ."

ಟಕ್.

"ಬಂತು," ಎಂದರು. ಮತ್ತೆ ಒಂದು ಉಸಿರು ಬಿಟ್ಟು, "ಬಂತು," ಎಂದರು.

ಚೈನನ್ನು ಕೊರಳಿಗೆ ಸುತ್ತಿಕೊಂಡು ಅವರು ಗುಡಿಸಲಿನ ಕಡೆ ಕೈ ಬೀಸಿದರು. ಲಿಫ್ಟ್ ನಿಧಾನವಾಗಿ ಹೊರಟಿತು. ಜೋಯೆಲ್ ಅಡ್ಡಕಂಬಿ ಎತ್ತಿದ.

"ಕೆಂಪು ಪಟ್ಟಿ?"

"ಬಿಚ್ಚಿದೆ," ಎಂದಳು ಬ್ರಿಯೋನಿ ಗಟ್ಟಿಯಾಗಿ.

"ಈಗ."

ಮೂವರೂ ಜಾರಿದರು. ಇಳಿಜಾರಿನ ಬುಡದಲ್ಲಿ ಬ್ರಿಯೋನಿ ಪಕ್ಕಕ್ಕೆ ಉರುಳಿ ಹಿಮದಲ್ಲಿ ಮುಖ ಊರಿದಳು. ಗಟ್ಟಿ ನೆಲ. ಎತ್ತಬೇಡಿ ಎನ್ನಬೇಕು ಅನ್ನಿಸಿತು ಅವಳಿಗೆ. ಗ್ಲೆನಿಸ್ ಅವಳ ಪಕ್ಕದಲ್ಲೇ ದೊಪ್ಪೆಂದು ಕೂತರು. ಜೋಯೆಲ್ ಸೀಟನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದ.

"ಇನ್ನು ನನ್ನನ್ನ ಕಾರ್ಪೆಟ್ಟಿಗೆ ಕಳಿಸ್ತೀರಾ?"

"ನಡೆದದ್ದನ್ನ ಶೆಡ್ಡಲ್ಲಿ ಹೇಳಲೇಬೇಕು," ಎಂದರು ಗ್ಲೆನಿಸ್. "ಮುಚ್ಚಿಡೋಕೆ ಬರಲ್ಲ. ಆದರೆ ಅಲ್ಲಿ ಹೇಳೋವಾಗ ನನ್ನದೂ ಒಂದು ಹೇಳ್ತೀನಿ. ಬೆಲ್ಟು ಕೇಳಿದೆ, ಪಟ್ಟಿ ಕೇಳಿದೆ. ಹೆದರಿಕೆ ಇದೆಯಾ ಅಂತ ಕೇಳಲೇ ಇಲ್ಲ ನಾನು."

"ಕೇಳಿದ್ರೆ ಇಲ್ಲ ಅಂತಿದ್ದೆ."

ಗ್ಲೆನಿಸ್ ಅವಳನ್ನೇ ನೋಡಿದರು. "ಹೌದಾ," ಎಂದರು. "ನಾನೂ ಹಾಗೇ ಅಂತಿದ್ದೆನೋ ಏನೋ."

ಅವರು ತಮ್ಮ ಒಂದು ಗ್ಲೋವನ್ನು ಅವಳ ಕೈಗೆ ತೊಡಿಸಿದರು. ಅದು ಎಷ್ಟು ದೊಡ್ಡದಿತ್ತೆಂದರೆ ಒಳಗೆ ಬೆರಳುಗಳು ಒಂದನ್ನೊಂದು ಹುಡುಕುತ್ತಿದ್ದವು. ಆಮೇಲೆ ಸಿಟ್‌ಸ್ಕೀಯ ಹಿಂದಿನ ಹಗ್ಗಗಳನ್ನು ಹಿಡಿದು ಮೆಲ್ಲಗೆ ಕೆಳಗೆ ಕರೆದೊಯ್ದರು. ಎಡಕ್ಕೆ ವಾಲು, ಬಲಕ್ಕೆ ವಾಲು. ನಡುದಾರಿಯಲ್ಲಿ ಎಲ್ಲೋ ಬ್ರಿಯೋನಿಗೆ ತಾನು ನಗುತ್ತಿದ್ದೇನೆ ಎಂದು ಗೊತ್ತಾಯಿತು.

ಕೆಳಗೆ ಅಪ್ಪ ಟಿಂಕರನ್ನು ಹಗ್ಗದ ತುಂಡಿನಲ್ಲಿ ಹಿಡಿದು ನಿಂತಿದ್ದ. ಗ್ಲೆನಿಸ್ ಕೊರಳಿಂದ ಚೈನು ತೆಗೆದರು. ಆದರೆ ಅಪ್ಪನಿಗೆ ಕೊಡದೆ ಬ್ರಿಯೋನಿಯ ಮಡಿಲಿಗೆ ಹಾಕಿದರು.

"ಅಪ್ಪ, ತಗೋ," ಎಂದಳು ಅವಳು. "ನಾನೇ ತೆಗೆದಿದ್ದೆ. ಲಿಫ್ಟಿಗೆ ಕಟ್ಕೊಂಡಿದ್ದೆ."

ಅಪ್ಪ ಚೈನು ನೋಡಿದ, ಲಿಫ್ಟ್ ನೋಡಿದ, ಮಗಳನ್ನು ನೋಡಿದ. ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಗಾಬರಿ. ಅವಳ ಪಕ್ಕ ಮಂಡಿಯೂರಿ ಹೆಲ್ಮೆಟ್ಟಿಗೆ ತನ್ನ ಹಣೆ ಹಚ್ಚಿ ಕೂತ. ಟಿಂಕರ್ ನಡುವೆ ಮೂಗು ತೂರಿಸಿತು.

ಶೆಡ್ಡಿನವರ ಜೊತೆ ಮಾತು ಬಹಳ ಹೊತ್ತು ನಡೆಯಿತು. ಹೊರಗೆ ಕಾಯುತ್ತಿದ್ದ ಬ್ರಿಯೋನಿ ಆ ದೊಡ್ಡ ಗ್ಲೋವನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಕೊನೆಗೆ ಗ್ಲೆನಿಸ್ ಬಂದು, "ಊಟ ಆದ್ಮೇಲೆ ಇನ್ನೊಂದು ಸಲ," ಎಂದರು. "ಜಾಕೆಟ್ ಒಳಗೂ ನೋಡ್ತೀನಿ ಈ ಸಲ."

ಮಧ್ಯಾಹ್ನ ಮತ್ತೆ ಅದೇ ಸದ್ದು, ಅದೇ ಗಿರಕಿ ಹೊಡೆಯುವ ಚೇರ್‌ಗಳು.

"ಹೆಲ್ಮೆಟ್?"

"ಇದೆ."

"ಸೊಂಟದ ಬೆಲ್ಟು?"

"ಬಿಗಿ."

"ಮಂಡಿ ಪಟ್ಟಿ?"

"ಬಿಗಿ."

"ಕೆಂಪು ಪಟ್ಟಿ?"

"ಇದೆ."

"ಹೆದರಿಕೆ?"

ಬ್ರಿಯೋನಿ ಮೇಲಕ್ಕೆ ನೋಡಿದಳು. ಕಂಬದ ಹಿಂದೆ ಕಂಬ, ಮಂಜಿನೊಳಗೆ ಹೋಗುತ್ತಿದ್ದವು.

"ಇದೆ," ಎಂದಳು. ಆಮೇಲೆ, "ಗ್ಲೆನಿಸ್, ನಿಮ್ಮದು?" ಎಂದು ಕೇಳಿದಳು.

ಗ್ಲೆನಿಸ್ ತಲೆ ಆಡಿಸಿದರು.

"ತಲೆ ಆಡಿಸಿದ್ರೆ ಹೊರಡೋ ಹಾಗಿಲ್ಲ."

"ಇದೆ," ಎಂದರು ಗ್ಲೆನಿಸ್ ಬಾಯಿಬಿಟ್ಟು.

ಹಿಂದಿನಿಂದ ಚೇರ್ ಬಂತು. ಬ್ರಿಯೋನಿ ಕೆಂಪು ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿ, ಕೈ ತೆಗೆದು ಊರುಗೋಲು ಹಿಡಿದುಕೊಂಡಳು.