ಮಾತಾಡದ ಎಡಿಟರ್

ಅವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು ಅವಳಿಗೆ ಅವಮಾನ ಮಾಡಿದ್ದ. ಹಾಗಂತ ಅವಳು ಬಹಳ ಕಾಲ ನಂಬಿದ್ದಳು.

ಟೀಮ್ ಲೀಡ್ ಅವಳನ್ನು ಒಬ್ಬೊಬ್ಬರಿಗೇ ಪರಿಚಯ ಮಾಡಿಸುತ್ತ ಕಿಟಕಿ ಪಕ್ಕದ ಮೇಜಿಗೆ ಬಂದರು. ಅವಳು ನಗುತ್ತ ಕೈ ಚಾಚಿದಳು. ಅವನು ಎದ್ದು ನಿಂತ, ಅವಳ ಮುಖ ನೋಡಿ "ಬನ್ನಿ, ಒಳ್ಳೇದಾಯ್ತು" ಅಂದ, ಮತ್ತೆ ಕೂತುಬಿಟ್ಟ. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅದನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದೆಂದು ತಿಳಿಯದೆ ಅವಳು ಸುಮ್ಮನೆ ಜಡೆ ಸರಿಮಾಡಿಕೊಂಡಳು.

ಎಷ್ಟು ಜಂಬ ಇವನಿಗೆ, ಎಂದುಕೊಂಡಳು.

ಫರ್ನಿಚರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಗ್ರಂಥಾಲಯಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಕಂಪನಿ. ಕಿಟಕಿ ತೆಗೆದರೆ ವಾರ್ನಿಶ್ ವಾಸನೆ, ಮುಚ್ಚಿದರೆ ಸೆಖೆ. ಅಲ್ಲಿ ಅಡ್ಡಹೆಸರಿಲ್ಲದವರೇ ಇರಲಿಲ್ಲ. ಅವನಿಗೆ 'ಅಜ್ಜ' ಅಂತ ಹೆಸರು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಆದರೆ ಅವನು ಕೋಡ್ ಬರೆಯಲು ಬಳಸುತ್ತಿದ್ದ ಎಡಿಟರ್ ಎಂಬ ಸಾಫ್ಟ್‌ವೇರ್ ಉಳಿದವರೆಲ್ಲ ಕಾಲೇಜಿನಲ್ಲೇ ಕಲಿತು ಮರೆತಿದ್ದಂಥದ್ದು. ಅಷ್ಟಗಲದ ಪರದೆಯ ನಟ್ಟನಡುವೆ ರಿಬ್ಬನ್ನಿನಂಥ ಸಣ್ಣ ವಿಂಡೋ ತೆರೆದು ಅದರಲ್ಲೇ ಕೆಲಸ ಮಾಡುತ್ತಿದ್ದ. ಒಂದು ಕಿವಿಗೆ ಸದಾ ಇಯರ್‌ಫೋನ್. ಹಾಡು ಕೇಳುತ್ತಾನೆ ಎಂದು ಎಲ್ಲರೂ ತಿಳಿದಿದ್ದರು.

ಅವಳಿಗೆ ವಾರ ಕಳೆಯುವಷ್ಟರಲ್ಲಿ 'ಹೊಸರುಚಿ' ಎಂದು ಹೆಸರು ಬಿತ್ತು. ಎಲ್ಲಿ ಯಾವ ಹೊಸ ಟೂಲ್ ಬಂದರೂ ಮೊದಲು ಇನ್‌ಸ್ಟಾಲ್ ಮಾಡಿ, "ಒಂದ್ಸಲ ಟ್ರೈ ಮಾಡಿ ನೋಡ್ರೀ" ಎಂದು ಎಲ್ಲರಿಗೂ ದುಂಬಾಲು ಬೀಳುತ್ತಿದ್ದಳು.

ಇವರಿಬ್ಬರ ಜಗಳ ಕಾಫಿ ಹೊತ್ತಿನ ಮನರಂಜನೆಯಾಯಿತು. ಟೆಸ್ಟಿಂಗ್ ಮಾಡುವ ಗೆಳತಿ ಮೊಬೈಲಿನಲ್ಲಿ ಟೆಕ್ ಸುದ್ದಿ ಓದಿ ಕಿಡಿ ಹಚ್ಚುತ್ತಿದ್ದಳು.

"ಕೇಳ್ರಪ್ಪಾ, ಇನ್ನು ಸ್ವಲ್ಪ ವರ್ಷದಲ್ಲಿ ಪ್ರೋಗ್ರಾಮರ್‌ಗಳೇ ಬೇಕಾಗಲ್ವಂತೆ. ಎಲ್ಲಾ ಎಐನೇ ಬರೆಯುತ್ತಂತೆ."

"ಹೋದ ವರ್ಷನೂ ಹಂಗೇ ಬರೆದಿದ್ರು," ಅಂದ ಅವನು.

"ನಿಮ್ಮ ಎಡಿಟರ್ ಹುಟ್ಟಿದಾಗಲೂ ಬರೆದಿದ್ರೇನೋ," ಅಂದಳು ಇವಳು. "ಅದರಲ್ಲಿ ಏನಿದೆ ಹೇಳಿ? ಪಕ್ಕದಲ್ಲಿ ಫೈಲ್‌ಗಳು ಕಾಣಲ್ಲ, ಸಲಹೆ ಕೊಡಲ್ಲ, ಏನೂ ಬರಲ್ಲ."

"ನನಗೆ ಬೇಕಾದ್ದು ಬರುತ್ತೆ."

"ಏನದು?"

"ಕೋಡು."

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಬಂದಿದ್ದನ್ನು ಕಾಫಿ ಲೋಟದಲ್ಲಿ ಮುಚ್ಚಿಕೊಂಡಳು.

ಅವನ ಬಗ್ಗೆ ಒಂದು ವಿಷಯ ಮಾತ್ರ ಅವಳಿಗೆ ಬಗೆಹರಿಯುತ್ತಿರಲಿಲ್ಲ. ಹಾಲ್‌ನ ಆ ತುದಿಯಲ್ಲಿ ನಿಂತಾಗ ಅವನು ಅವಳನ್ನು ನೋಡುತ್ತಿದ್ದ. ಕದ್ದು ನೋಡುವುದಲ್ಲ, ನೆಮ್ಮದಿಯಾಗಿ, ಚಿತ್ರ ನೋಡುವವರ ಹಾಗೆ. ಅವಳು ತಲೆ ಎತ್ತಿದರೂ ನೋಟ ತಪ್ಪಿಸುತ್ತಿರಲಿಲ್ಲ. ಅವಳೇ ಸೋತು ಕೀಬೋರ್ಡಿಗೆ ಮರಳಬೇಕಿತ್ತು. ಒಮ್ಮೆ ಅವಳು ಹೊಸ ಓಲೆ ಹಾಕಿಕೊಂಡು ಬಂದಿದ್ದಳು. ಅಷ್ಟು ದೂರದಿಂದಲೇ ಚಾಟ್‌ನಲ್ಲಿ ಸಂದೇಶ ಬಂತು: "ಹಸಿರು ಓಲೆ ಚೆನ್ನಾಗಿದೆ. ನಿಮ್ಮ ಎಡಿಟರ್‌ಗಿಂತ."

ಮಧ್ಯಾಹ್ನವೆಲ್ಲ ಅವಳ ಕೋಡಿನಲ್ಲಿ ತಪ್ಪುಗಳೇ ತಪ್ಪುಗಳು.

ಆದರೆ ಅದೇ ಮನುಷ್ಯನ ಪಕ್ಕಕ್ಕೆ ಹೋಗಿ ನಿಂತರೆ ತಿರುಗಿಯೂ ನೋಡುತ್ತಿರಲಿಲ್ಲ. ಕಾಫಿ ತಂದಿಟ್ಟರೆ ಮೊಣಕೈ ತಾಗಿಸಿ ಚೆಲ್ಲುತ್ತಿದ್ದ. ದೂರದಿಂದ ಅಷ್ಟು ನೋಡುವವನು ಹತ್ತಿರ ಬಂದರೆ ಯಾಕೆ ಹೀಗೆ? ತನ್ನ ಜೊತೆ ಆಟ ಆಡುತ್ತಿದ್ದಾನೆ ಅನ್ನಿಸಿ ಅವಳ ಮನಸ್ಸು ಕಹಿಯಾಯಿತು. ಆ ಕಹಿಯಲ್ಲೇ ಅವಳ ವಾದಗಳು ಹರಿತವಾದವು.

ಆಗಲೇ ಹೊಸ ಎಡಿಟರ್‌ನ ಸುದ್ದಿ ಬಂದಿದ್ದು. ಕೋಡ್ ಬರೆಯುವ ಎಐ ಅದರೊಳಗೇ ಕೂತಿರುತ್ತದೆ. ನಾವು ಅರ್ಧ ಸಾಲು ಬರೆದರೆ ಅದು ಉಳಿದಿದ್ದನ್ನು ತುಂಬುತ್ತದೆ. ಇಡೀ ಟೀಮ್ ಅದಕ್ಕೇ ಬದಲಾಗಬೇಕೆಂದು ಹಟ ಹಿಡಿದವಳು ಇವಳೇ. ಲೀಡ್ ಇಬ್ಬರನ್ನೂ ಎಲ್ಲರ ಮುಂದೆ ವಾದ ಮಾಡಲು ಬಿಟ್ಟರು.

"ಅದು ತುಂಬಾ ಭಾರ. ಕಂಪ್ಯೂಟರ್ ನಿಧಾನ ಆಗುತ್ತೆ," ಅಂದ ಅವನು.

ಅವಳು ಅಲ್ಲೇ ಓಡಿಸಿ ತೋರಿಸಿದಳು. ನಿಧಾನವಾಗಲಿಲ್ಲ.

"ಎಲ್ಲರಿಗೂ ಒಂದೇ ಯಾಕೆ ಬೇಕು? ಅವರವರ ಕೈಗೆ ಒಗ್ಗಿದ್ದು ಅವರವರಿಗೆ ಇರಲಿ."

"ಒಗ್ಗಿಸ್ಕೋಬೇಕು ಅಜ್ಜಾ," ಅಂದಳು ಅವಳು. "ಹಳೇದನ್ನ ತಬ್ಬಿಕೊಂಡು ಕೂತಿರೋದು ಅನುಭವ ಅಲ್ಲ, ಸೋಮಾರಿತನ. ನಿಮ್ಮ ಹತ್ರ ಬೇರೆ ಕಾರಣ ಇದ್ರೆ ಹೇಳಿ. ಕೇಳ್ತೀವಿ."

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ.

"ಬೇರೆ ಕಾರಣ ಇಲ್ಲ," ಅಂದ. "ಚೆನ್ನಾಗಿ ವಾದ ಮಾಡಿದ್ರಿ."

ಗೆದ್ದ ಖುಷಿ ಅವಳಿಗೆ ಸಂಜೆಯವರೆಗೂ ಉಳಿಯಲಿಲ್ಲ.

ಹೊಸ ಎಡಿಟರ್ ಎಲ್ಲರಿಗೂ ಕಡ್ಡಾಯವಾದ ಮೇಲೆ ಅವನ ಕೆಲಸ ಕುಂಟತೊಡಗಿತು. ಮೊದಲು ಬೇರೆಯವರ ತಪ್ಪು ಹುಡುಕಿಕೊಡುತ್ತಿದ್ದವನು ಈಗ ತನ್ನದೇ ಕೆಲಸವನ್ನು ಗಡುವಿಗೆ ಮುಗಿಸಲಾಗದೆ ಒದ್ದಾಡುತ್ತಿದ್ದ. ಕಣ್ಣು ಕೆಂಪಗಾಗಿ, ಪರದೆಗೆ ಮುಖ ಅಂಟಿಸಿಕೊಂಡು ಕೂತಿರುತ್ತಿದ್ದ. ಲೀಡ್ ಒಮ್ಮೆ ಎಲ್ಲರಿಗೂ ಕೇಳುವಂತೆ ಅಂದರು: "ಹಟಕ್ಕೆ ಬಿದ್ದು ನಿಧಾನ ಮಾಡ್ತಿದ್ದೀರೇನ್ರೀ?" ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಒಂದು ಬೆಳಿಗ್ಗೆ ಗೆಳತಿ ಬಂದು ಕಿವಿಯಲ್ಲಿ ಉಸುರಿದಳು. "ಅಜ್ಜ ಕೆಲಸ ಬಿಡ್ತಿದ್ದಾನಂತೆ ಕಣೇ. ಈಗಷ್ಟೇ ಲೀಡ್ ರೂಮಿಗೆ ಹೋದ."

ಎಡಿಟರ್ ಬದಲಾಯಿಸಿದ್ದಕ್ಕೆ ಯಾರಾದರೂ ಕೆಲಸ ಬಿಡುತ್ತಾರೆಯೇ? ಬರಲಿ, ಮುಖದ ಮೇಲೇ ಕೇಳಿಬಿಡುತ್ತೇನೆ ಎಂದುಕೊಂಡು ಅವನ ಮೇಜಿನ ಹತ್ತಿರ ಹೋಗಿ ನಿಂತಳು. ಅಲ್ಲಿ ಅವನ ಇಯರ್‌ಫೋನ್ ಬಿದ್ದಿತ್ತು. ಅದರಿಂದ ಜೀರುಂಡೆ ಕೂಗಿದಂತೆ ಸಣ್ಣಗೆ ಏನೋ ಸದ್ದು. ಎಂಥ ಹಾಡು ಕೇಳುತ್ತಾನೋ ನೋಡೋಣ ಎಂದು ಕಿವಿಗಿಟ್ಟುಕೊಂಡಳು.

ಹಾಡಲ್ಲ. ಯಾರೋ ಉಸಿರು ಬಿಡದೆ ಮಾತಾಡುತ್ತಿದ್ದರು. ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಒಂದೊಂದೇ ಪದ ಬಿಡಿಸಿಕೊಂಡಿತು. ಬ್ರ್ಯಾಕೆಟ್. ಸೆಮಿಕೋಲನ್. ಹೊಸ ಸಾಲು. ಪರದೆಯ ಮೇಲಿದ್ದುದನ್ನು ಓದಿಹೇಳುವ ಸಾಫ್ಟ್‌ವೇರ್ ಒಂದು, ಅವನು ಇನ್ನೂ ಅಳಿಸದೆ ಉಳಿಸಿಕೊಂಡಿದ್ದ ಹಳೆಯ ಎಡಿಟರ್‌ನಲ್ಲಿನ ಕೋಡನ್ನು ಸಾಲುಸಾಲಾಗಿ ಓದುತ್ತಿತ್ತು. ಅವಳು ಹೊಸ ಎಡಿಟರ್ ತೆರೆದಳು. ಪರದೆ ತುಂಬಾ ಕೋಡಿತ್ತು. ಕಿವಿಯಲ್ಲಿ ಮಾತ್ರ ಒಂದೇ ಮಾತು: ಖಾಲಿ ವಿಂಡೋ. ಖಾಲಿ ವಿಂಡೋ. ಖಾಲಿ ವಿಂಡೋ.

ಕೋಡನ್ನು ಕೇಳಿಸಿಕೊಂಡು ಕೆಲಸ ಮಾಡುವವನಿಗೆ ಅವಳು ಮೂಕ ಎಡಿಟರ್ ಕೊಡಿಸಿದ್ದಳು.

ಚೆಲ್ಲಿದ ಕಾಫಿ, ಹಿಡಿಯದೇ ಉಳಿದ ಕೈ, ರಿಬ್ಬನ್ನಿನಂಥ ವಿಂಡೋ, ಎಲ್ಲವೂ ಅವಳಿಗೆ ಒಟ್ಟಿಗೇ ಅರ್ಥವಾದವು. ತನ್ನ ಕಣ್ಣಿನ ತೊಂದರೆಯನ್ನು ಅವನು ಯಾರಿಗೂ ಹೇಳಿಲ್ಲ. ಹಾಗಾದರೆ ತಾನೂ ಹೇಳುವಂತಿಲ್ಲ.

ಮಧ್ಯಾಹ್ನದ ಮೀಟಿಂಗಿನಲ್ಲಿ ಅವಳು ಎದ್ದು ನಿಂತಳು. "ಸರ್, ಹೊಸ ಎಡಿಟರ್ ಎಲ್ಲರಿಗೂ ಕಡ್ಡಾಯ ಮಾಡಿದ್ದು ತಪ್ಪಾಯ್ತು. ಬೇಕಾದವರು ಹಳೇದನ್ನೇ ಇಟ್ಕೊಳ್ಳಲಿ."

"ಯಾಕೆ? ನೀವೇ ತಾನೆ ಗುದ್ದಾಡಿ ತಂದಿದ್ದು?"

"ನಾನು ಪೂರ್ತಿ ಯೋಚನೆ ಮಾಡಿರಲಿಲ್ಲ."

"ಪಕ್ಷಾಂತರ," ಎಂದು ಯಾರೋ ಗೊಣಗಿದರು. ನಗು ಹರಡಿತು. ಲೀಡ್ ನಗಲಿಲ್ಲ. "ಕಾರಣ ಹೇಳಿ. ಕಾರಣ ಇಲ್ಲದೆ ದಿನಕ್ಕೊಂದು ಥರ ಕುಣಿಯೋಕಾಗಲ್ಲ."

ಅವಳು ಸುಮ್ಮನೆ ನಿಂತಳು. ಎದುರಿಗೆ ಕೂತಿದ್ದ ಅವನ ಮುಖ ಬಿಳಿಚಿಕೊಂಡಿತು. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು.

ಸಂಜೆ ಮೆಟ್ಟಿಲ ಮೇಲೆ ಅವನು ಅವಳಿಗಾಗಿ ಕಾಯುತ್ತಿದ್ದ. ಕೆಳಗೆ ಅಂಗಡಿಯವರು ಶಟರ್ ಎಳೆಯುತ್ತಿದ್ದರು, ಬೆಳಕು ಕಡಿಮೆಯಾಗುತ್ತಿತ್ತು. ಅವನ ಒಂದು ಕೈ ಮೆಟ್ಟಿಲಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು.

"ಯಾರು ಹೇಳಿದ್ರು ನಿಮಗೆ?"

"ನಿಮ್ಮ ಇಯರ್‌ಫೋನು."

"ಕೇಳದೆ ತಗೊಂಡ್ರಾ?"

"ತಗೊಂಡೆ. ತಪ್ಪೇ. ನೀವು ಅವತ್ತೇ ಯಾಕೆ ಹೇಳ್ಲಿಲ್ಲ? ಬೇರೆ ಕಾರಣ ಇದೆಯಾ ಅಂತ ಕೇಳಿದ್ನಲ್ಲ ನಾನು."

"ಎಲ್ಲರ ಮುಂದೆ? ಸೋಮಾರಿ ಅನ್ನಿಸ್ಕೊಳ್ಳೋದೇ ಸುಲಭ ಅನ್ನಿಸ್ತು."

ಅವಳು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು. ಅವನೂ ಮೆಲ್ಲನೆ ಕೂತ. ಅವನಾಗಿಯೇ ಹೇಳತೊಡಗಿದ. ಕಣ್ಣಿನ ಅಂಚುಗಳಿಂದ ನೋಟ ಮುಚ್ಚಿಕೊಂಡು ಬರುವ ಕಾಯಿಲೆ. ಔಷಧಿ ಇಲ್ಲ. ಈಗ ಒಂದು ಕೊಳವೆಯೊಳಗಿಂದ ನೋಡಿದಂತೆ. ಆ ಕೊಳವೆಯೂ ಸಣ್ಣದಾಗುತ್ತಿದೆ.

"ಅದಕ್ಕೇ ನನ್ನ ಪಕ್ಕದಲ್ಲಿ ನಿಂತ್ರೆ ನೋಡ್ತಿರಲಿಲ್ವಾ?"

"ಪಕ್ಕದಲ್ಲಿ ಇದ್ದದ್ದೇ ಗೊತ್ತಾಗ್ತಿರಲಿಲ್ಲ. ಎದುರಿಗೆ ಬಂದ್ರೂ ಅಷ್ಟೇ. ಕಣ್ಣು ನೋಡಿದ್ರೆ ಬಾಯಿ ಕಾಣಲ್ಲ, ಬಾಯಿ ನೋಡಿದ್ರೆ ಹಣೆ ಕಾಣಲ್ಲ. ದೂರ ನಿಂತ್ರೆ ಮಾತ್ರ ನೀವು ಪೂರ್ತಿ ಕಾಣ್ತೀರಿ." ಅವನ ದನಿ ತಗ್ಗಿತು. "ಅದಕ್ಕೇ ದೂರದಿಂದ ಅಷ್ಟು ನೋಡ್ತಿದ್ದೆ. ಆಗುವಷ್ಟು ದಿನ ನೋಡಿಟ್ಕೊಳ್ಳೋಣ ಅಂತ."

ಅವಳ ಕೈ ತಾನಾಗಿಯೇ ಅವನ ಕೈಯ ಮೇಲೆ ಹೋಯಿತು. ಅವನು ತನ್ನ ಕೈಯನ್ನು ಮೆತ್ತಗೆ ಹಿಂದೆ ಎಳೆದುಕೊಂಡ.

"ಬೇಡ," ಅಂದ. "ನಮ್ಮ ಸೋದರಮಾವನಿಗೂ ಇದೇ ಆಗಿದ್ದು. ಅತ್ತೆ ತುಂಬಾ ಒಳ್ಳೆಯವರು. ಮಾವನ ಕೈ ಹಿಡ್ಕೊಂಡೇ ಎಲ್ಲಾ ಕಡೆ ಓಡಾಡ್ತಿದ್ರು, ಒಂದಿನ ಬೇಸರ ತೋರಿಸಿದವರಲ್ಲ. ನಾನು ಚಿಕ್ಕವನಿದ್ದಾಗ ಅಡಿಗೆಮನೇಲಿ ನಮ್ಮಮ್ಮನ ಹತ್ರ ಹೇಳ್ತಿದ್ರು, 'ಒಂದು ದಿನಾನಾದ್ರೂ ಎರಡೂ ಕೈ ಬೀಸ್ಕೊಂಡು ರಸ್ತೇಲಿ ನಡೀಬೇಕು ಕಣೇ' ಅಂತ. ಹೊರಗೆ ಮಾವ ಕೂತಿದ್ರು. ಅವರಿಗೂ ಕೇಳಿಸ್ತು. ಆ ಮುಖ ನನಗೆ ಇವತ್ತಿಗೂ ಮರೆಯೋಕಾಗಿಲ್ಲ."

ಕೆಳಗೆ ಕೊನೆಯ ಶಟರ್ ದಡಾರನೆ ಬಿತ್ತು. ಅವನು ಗೋಡೆ ಸವರಿಕೊಂಡು ಇಳಿದು ಹೋಗುವುದನ್ನು ಅವಳು ಕೂತಲ್ಲಿಂದಲೇ ನೋಡಿದಳು.

ಮನೆಯಲ್ಲಿ ಅಮ್ಮ ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ನರ್ಸ್ ಸಮವಸ್ತ್ರ ಒಗೆಯಲು ನೆನೆಹಾಕುತ್ತಿದ್ದರು. ಮಗಳ ಮುಖ ನೋಡಿ ಕೈ ಒರೆಸಿಕೊಂಡು ಬಂದರು. ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಕೇಳಿದ್ದು ಒಂದೇ:

"ಕಣ್ಣು ಪೂರ್ತಿ ಹೋಗಿಬಿಟ್ರೆ ಏನ್ಮಾಡ್ತೀಯ?"

"ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂದ್ಯಲ್ಲ, ಅದು ಸರಿ. ಪರವಾಗಿಲ್ಲ, ನಾನಿದ್ದೀನಿ ಅಂತ ಹಾರಾಡಿದ್ರೆ ನನಗೆ ಭಯ ಆಗ್ತಿತ್ತು." ಅಮ್ಮ ಅವಳ ತಲೆ ಸವರಿದರು. "ಅಂಥ ಹುಡುಗನ್ನ ಬೇಡ ಅಂತ ನಾನು ಹೇಳಲ್ಲ, ಬೇಕು ಅಂತಾನೂ ಹೇಳಲ್ಲ. ಆದ್ರೆ ಅಳ್ತಾ ಉತ್ತರ ಕೊಡಬೇಡ. ಅತ್ತು ಮುಗೀಲಿ, ಆಮೇಲೆ ಕೊಡು."

ಅವಳು ಅಳುವುದು ಮುಗಿಯಲು ಸಮಯ ಹಿಡಿಯಿತು. ಆ ದಿನಗಳಲ್ಲಿ ಅವಳು ತನ್ನ ಪರದೆ ಆರಿಸಿ, ಕೋಡನ್ನು ಕೇಳಿಯೇ ಬರೆಯಲು ಪ್ರಯತ್ನಿಸಿದಳು. ಹತ್ತು ಸಾಲು ದಾಟುವಷ್ಟರಲ್ಲಿ ದಿಕ್ಕು ತಪ್ಪುತ್ತಿತ್ತು. ಇಷ್ಟು ದಿನ ತಾನು ಯಾರ ಜೊತೆ ವಾದಕ್ಕೆ ಇಳಿದಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತು. ಮರುಕ ಬರಲಿಲ್ಲ, ಹೊಟ್ಟೆಕಿಚ್ಚಾಯಿತು.

ರಾಜೀನಾಮೆ ಕೊಟ್ಟ ಅವನು ಉಳಿದ ದಿನಗಳನ್ನು ಎಣಿಸುತ್ತ ಕೂರಲಿಲ್ಲ. ಅವಳು ಎಲ್ಲರ ಮುಂದೆ ನಗೆಪಾಟಲಾಗಿಯೂ ಬಾಯಿ ಬಿಡದೆ ನಿಂತಿದ್ದು ಅವನನ್ನು ಕೊರೆದಿರಬೇಕು. ಒಂದು ಬೆಳಿಗ್ಗೆ ಲೀಡ್ ರೂಮಿಗೆ ತಾನೇ ಹೋಗಿ ವಿಷಯ ಹೇಳಿದ. ಹೊರಗೆ ಬಂದ ಲೀಡ್ ಕನ್ನಡಕ ತೆಗೆದು ಒರೆಸುತ್ತ ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದರು. ಹಳೆಯ ಎಡಿಟರ್ ಅವನಿಗೆ ವಾಪಸ್ ಬಂತು. ರಾಜೀನಾಮೆ ಹೋಗಿ ರಜೆಯಾಯಿತು. ಬೇರೆ ಊರಿನಲ್ಲಿ ಕೋಲು ಹಿಡಿದು ನಡೆಯುವುದನ್ನು, ನೋಡದೆ ಬದುಕುವುದನ್ನು ಕಲಿಸುವ ಒಂದು ತರಬೇತಿ ಕೇಂದ್ರವಿತ್ತು. ಹೋಗಲು ಹೆದರಿ ಅವನು ವರ್ಷಗಟ್ಟಲೆ ಮುಂದೂಡಿದ್ದ. ಈಗ ಹೊರಟ.

ಅವನು ಹೊರಡುವ ಬೆಳಿಗ್ಗೆ ಅವಳು ಸ್ಟೇಷನ್ನಿಗೆ ಬಂದಳು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅವನೆದುರು ಸರಿಯಾಗಿ ನಿಂತಳು.

"ನಾನು. ಹೊಸರುಚಿ."

"ಗೊತ್ತಾಯ್ತು. ನಿಮ್ಮ ಚಪ್ಪಲಿ ಸದ್ದು ನಿಮ್ಮ ವಾದದ ಥರಾನೇ." ಅವನು ನಕ್ಕ. ಆಮೇಲೆ ನಗು ಆರಿತು. "ಯಾಕೆ ಬಂದ್ರಿ? ಪಾಪ ಅನ್ನಿಸಿದ್ರೆ ದಯವಿಟ್ಟು ಹೋಗಿಬಿಡಿ."

"ನಿಮ್ಮನ್ನ ಕಂಡ್ರೆ ಪಾಪ ಯಾಕೆ ಅನ್ನಿಸ್ಬೇಕು? ನಿಮ್ಮ ಎಡಿಟರ್ ಕಂಡ್ರೆ ಅನ್ನಿಸುತ್ತೆ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ನಿಮ್ಮತ್ತೆ ಹೇಳಿದ್ದು ತಪ್ಪಲ್ಲ. ನನಗೂ ಒಂದಿನ ಹಾಗೆ ಅನ್ನಿಸಬಹುದು. ಅನ್ನಿಸಿದ್ರೆ ಅಡಿಗೆಮನೇಲಿ ಹೇಳಲ್ಲ, ನಿಮ್ಮ ಮುಖಕ್ಕೇ ಹೇಳ್ತೀನಿ. ಹೇಳಿ ಎರಡೂ ಕೈ ಬೀಸ್ಕೊಂಡು ಒಂದು ಸುತ್ತು ನಡೆದು ಮನೆಗೆ ಬರ್ತೀನಿ. ಅಷ್ಟರಲ್ಲಿ ನೀವು ನಿಮ್ಮ ಕೋಲು ತಗೊಂಡು ನಿಮ್ಮ ಪಾಡಿಗೆ ಎಲ್ಲಿಗಾದ್ರೂ ಹೋಗಿ ಬನ್ನಿ."

ರೈಲು ಬರುವ ಸೂಚನೆ ಕೂಗಿದರು. ಜನ ಮುಂದಕ್ಕೆ ನುಗ್ಗಿದರು.

"ದಾರಿ ತೋರಿಸೋಕೆ ನಾನು ನಿಮ್ಮ ಕೈ ಹಿಡಿಯಲ್ಲ," ಅಂದಳು ಅವಳು. "ಅದನ್ನ ಕೋಲು ಮಾಡುತ್ತೆ, ಕಲಿತು ಬನ್ನಿ. ನಾನು ಕೈ ಹಿಡಿಯೋದು ಬೇರೆ ಅರ್ಥದಲ್ಲಿ. ಅದಕ್ಕೆ ನಿಮ್ಮ ಒಪ್ಪಿಗೆ ಇದೆಯಾ, ಇಲ್ವಾ?"

"ನನಗೆ ಹೆದರಿಕೆ ಆಗ್ತಿದೆ," ಅಂದ.

"ನನಗೂ."

ರೈಲು ಬಂದು ನಿಂತಿತು. ಅವನು ಬ್ಯಾಗ್ ಹೆಗಲಿಗೇರಿಸಿ, ಹತ್ತುವ ಕಂಬಿಯನ್ನು ತಾನೇ ತಡಕಿ ಹಿಡಿದು, ಎರಡು ಮೆಟ್ಟಿಲು ಹತ್ತಿ ತಿರುಗಿದ.

"ಇದೆ," ಅಂದ. ಗದ್ದಲದಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನ ಬಂದು, ಇನ್ನಷ್ಟು ಗಟ್ಟಿಯಾಗಿ, ಇಡೀ ಬೋಗಿಗೆ ಕೇಳುವಂತೆ ಮತ್ತೊಮ್ಮೆ ಹೇಳಿದ. "ಒಪ್ಪಿಗೆ ಇದೆ."