ಅರ್ಧಕ್ಕೆ ನಿಂತ ಸಿನಿಮಾ

"ಸರ್, ಪೂರ್ತಿ ತೋರಸ್ರಿ! ಇನ್ನೊಂದ್ ಸ್ವಲ್ಪ ಐತ್ರಿ ಸರ್!"

ಐದನೆಯ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಅರುಣಕುಮಾರ್ ಮೇಷ್ಟ್ರು ನಕ್ಕರೇ ಹೊರತು ಕೇಳಲಿಲ್ಲ. ವಾರಕ್ಕೊಂದು ಪುಟ್ಟ ಸಿನಿಮಾ, ಇವತ್ತು ಅರ್ಧ, ನಾಳೆ ಅರ್ಧ. ಅದು ಅವರ ಪದ್ಧತಿ.

ಗೋಡೆಯ ಮೇಲೆ ಚಿತ್ರ ಹಾಗೇ ನಿಂತಿತ್ತು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತಿರುವ ಹುಡುಗ. ಅದನ್ನು ತಮಾಷೆಗೆ ಬಚ್ಚಿಟ್ಟ ಹುಡುಗಿ ಕಂಬದ ಹಿಂದೆ.

"ಈ ಹುಡುಗಿ ಈಗ ಏನ್ ಮಾಡಬೇಕು? ಹೇಳ್ರಿ ನೋಡಾನ."

"ಸಾರಿ ಅನ್ಬೇಕ್ರಿ ಸರ್!" ಹುಲುಗೇಶ ಎದ್ದೇ ನಿಂತ.

"ಬರೇ ಸಾರಿ ಅಂದ್ರ ಅವನ ಕಾಲಿಗೆ ಚಪ್ಪಲಿ ಬರ್ತೈತೇನಪಾ?"

ತರಗತಿ ಗೊಳ್ಳೆಂದಿತು. ಮುಸ್ಕಾನ್ ನಗಲಿಲ್ಲ. ಯಾವ ಪ್ರಶ್ನೆಗೂ ಮೊದಲು ಏಳುವ ಕೈ ಅವಳದು. ಇವತ್ತು ಅದು ಮಡಿಲಲ್ಲೇ ಉಳಿಯಿತು.

ನಿನ್ನೆ ಗಣಿತದ ಪಾಠದಲ್ಲಿ ಪಕ್ಕದ ಶಿವಲೀಲಾ ತೂಕಡಿಸಿದ್ದಳು. ಮುಸ್ಕಾನ್ ಅವಳ ಕಿವಿಯ ಬಳಿ ಜೋರಾಗಿ, "ಟ್ರಿಣ್ ಟ್ರಿಣ್! ಬೆಳಗಾತು, ಏಳ್ರಿ ಮಹಾರಾಣಿ!" ಎಂದಿದ್ದಳು. ಅಷ್ಟೇ ಸಾಕಾಯಿತು. ಶಿವಲೀಲಾ ಎಲ್ಲರ ಬಾಯಲ್ಲಿ 'ಅಲಾರಾಂ' ಆಗಿಬಿಟ್ಟಳು. ಇವತ್ತು ಅವಳು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತಿದ್ದಳು.

ಊಟದ ಬೆಲ್ ಆಯಿತು. ಮುಸ್ಕಾನ್ ತಟ್ಟೆ ಹಿಡಿದು ಹೋಗಿ, ಬೇವಿನ ಕಟ್ಟೆಯ ಮೇಲೆ ಶಿವಲೀಲಾಳಿಂದ ಒಂದು ಮೊಳ ದೂರದಲ್ಲಿ ಕುಳಿತಳು. ಸಾರಿ ಎನ್ನಲೆಂದೇ ಬಂದಿದ್ದಳು.

"ನೀ ಎಷ್ಟೊತ್ತಿಗೆ ಏಳ್ತಿಲೇ?" ಎಂದಷ್ಟೇ ಕೇಳಿದಳು.

"ನಾಕಕ್ಕ."

"ಯಾಕ? ಓದಾಕಾ?"

"ಮಲ್ಲಿಗಿ ಬಿಡಸಾಕ." ಶಿವಲೀಲಾ ತಲೆ ಎತ್ತಲಿಲ್ಲ. "ಮೊಗ್ಗು ಬಿಚ್ಚೂದ್ರೊಳಗ ಬುಟ್ಟಿ ಬಸ್ಸಿಗೆ ಹಾಕ್ಬೇಕು. ಮೊದ್ಲು ನಮ್ಮ ಭರಮಮ್ಮಜ್ಜಿ ಬಿಡಸ್ತಿದ್ಲು. ಅಕಿ ತೀರಿಕೊಂಡ ಮ್ಯಾಲೆ ಅಕಿ ಗಿಡದ ಸಾಲು ನಂದು. ಮೊದ್ಲನೇ ಬೊಗಸಿ ದೇವರಿಗೆ ಇಡು ಅಂತಿದ್ಲು. ದಿನಾ ಇಡ್ತೀನಿ."

"ಮತ್ತ ನಂಗ್ಯಾಕ ಹೇಳ್ಲಿಲ್ಲ?"

"ನೀ ಕೇಳಿದ್ಯೇನು?"

ಗ್ಯಾರೇಜಿನಿಂದ ಬರುವಾಗ ಮುಸ್ಕಾನಳ ಅಬ್ಬಾ ದಿನವೂ ಅವಳಿಗೆ ಮಲ್ಲಿಗೆ ತರುತ್ತಿದ್ದ. ಅವಳ ಕೈ ತಾನಾಗಿ ಜಡೆಗೆ ಹೋಯಿತು. ಈ ಹೂವು ಯಾರ ಸಾಲಿನದೋ!

ಮರುದಿನ ಅವಳು ಚೀಲ ಎತ್ತಿಕೊಂಡು ಕೊನೆಯ ಬೆಂಚಿಗೆ ನಡೆದಳು.

"ಸರಿಲೇ ಅತ್ತಾಗ."

"ಇಲ್ಲಿಂದ ಪಿಚ್ಚರ್ ಸರಿ ಕಾಣಂಗಿಲ್ಲ," ಎಂದಳು ಶಿವಲೀಲಾ.

"ಕಾಣದಿದ್ರ ಬಿಡು."

ಶಿವಲೀಲಾ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಸರಿದಳು.

ಮೇಷ್ಟ್ರು ಕಿಟಕಿ ಮುಚ್ಚಿದರು. ನಿಂತ ಸಿನಿಮಾ ಮತ್ತೆ ಓಡಿತು. ಕಂಬದ ಹಿಂದಿನ ಹುಡುಗಿ ಮೆಲ್ಲನೆ ಹೊರಗೆ ಬಂದಳು. ಅಷ್ಟರಲ್ಲಿ ಮುಸ್ಕಾನಳ ಹೆಗಲ ಮೇಲೆ ಏನೋ ಭಾರವಾಯಿತು. ಶಿವಲೀಲಾ ನಿದ್ದೆ ಹೋಗಿದ್ದಳು.

ಹುಲುಗೇಶ ತಿರುಗಿ ನೋಡಿದ. 'ಟ್ರಿಣ್' ಎನ್ನಲು ಅವನ ಬಾಯಿ ತೆರೆಯಿತು. ಮುಸ್ಕಾನ್ ತುಟಿಗೆ ಬೆರಳಿಟ್ಟು ಕಣ್ಣು ದೊಡ್ಡದು ಮಾಡಿದಳು. ಬಾಯಿ ಮುಚ್ಚಿತು. ಮೇಷ್ಟ್ರು ಅದನ್ನು ಕಂಡರು. ಸೌಂಡ್ ಕಡಿಮೆ ಮಾಡಿದರು.

ಮುಂದಿನವರ ತಲೆ ಅಡ್ಡ ಬಂದು ಗೋಡೆ ಕಾಣದಾಯಿತು. ಸ್ವಲ್ಪ ಪಕ್ಕಕ್ಕೆ ವಾಲಿದ್ದರೆ ಕಾಣುತ್ತಿತ್ತು. ಮುಸ್ಕಾನ್ ವಾಲಲಿಲ್ಲ.

ಕಿಟಕಿ ತೆರೆದಾಗ ಶಿವಲೀಲಾ ಬೆಚ್ಚಿ ಎದ್ದಳು. "ಮುಗೀತಾ? ಕೊನಿಗೆ ಆ ಹುಡುಗಿ ಏನ್ ಮಾಡಿದ್ಲು?"

"ನಂಗೂ ಗೊತ್ತಿಲ್ಲ," ಎಂದಳು ಮುಸ್ಕಾನ್, ಜೋಮು ಹಿಡಿದ ಹೆಗಲನ್ನು ಮೆಲ್ಲಗೆ ತಿಕ್ಕಿಕೊಳ್ಳುತ್ತಾ.