ಮೂರನೆಯ ತೂತು

ಸೂಚನಾ ಫಲಕದ ಪಟ್ಟಿಯಲ್ಲಿ ತನ್ನ ನೋಂದಣಿ ಸಂಖ್ಯೆ ಕಂಡಾಗ ಸಂಶೋಧಕಿಗೆ ಮೊದಲು ಖುಷಿಯೇ ಆಯಿತು. ಆಮೇಲೆ ತಲೆಬರಹ ಓದಿದಳು.

'ವಿದ್ಯಾರ್ಥಿ ನೆರವನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟವರು.'

ಬಿಟ್ಟುಕೊಟ್ಟವರು? ಯಾರು? ಯಾವಾಗ?

ನೆರವು ವಿಭಾಗದ ಕಿಟಕಿಗೆ ಓಡಿದಳು. ಗುಮಾಸ್ತೆ ಕಡತ ತಿರುವಿ ಅರ್ಜಿಯೊಂದನ್ನು ಗಾಜಿಗೆ ಒತ್ತಿ ತೋರಿಸಿದಳು. "ಸಹಿ ನಿಮ್ಮದೇ ಅಲ್ವಾ?"

ಅವಳದೇ. ಅನುಮಾನವೇ ಇಲ್ಲ.

"ನಾಲ್ಕು ಗಂಟೆಗೆ ಪಟ್ಟಿ ಮುಚ್ಚುತ್ತೆ. ಆಮೇಲೆ ನಿಮ್ಮ ಜಾಗ ಕಾಯುವ ಪಟ್ಟಿಯಲ್ಲಿ ಮೊದಲಿದ್ದವರಿಗೆ. ದೂರಿದ್ರೆ ಕೊನೇ ಕೋಣೆಗೆ ಹೋಗಿ."

ಗಡಿಯಾರದಲ್ಲಿ ಎರಡು ಹೊಡೆದಿತ್ತು.

ಮೂರು ವರ್ಷದಿಂದ ಅವಳು ಹುಟ್ಟುಕಿವುಡರಾದ ಹನ್ನೊಂದು ಮಕ್ಕಳಿಗೆ ಹೊಸ ಕ್ರಮದಲ್ಲಿ ಮಾತು ಕಲಿಸುತ್ತಿದ್ದಳು. ಅದೇ ಅವಳ ಸಂಶೋಧನೆ. ಹೋದ ವಾರವಷ್ಟೇ ಒಂದು ಮಗು ತನ್ನ ತಾಯಿಯನ್ನು ಮೊದಲ ಸಲ ಬಾಯಿಬಿಟ್ಟು ಕರೆದಿತ್ತು. ನೆರವು ನಿಂತರೆ ಅವಳು ಮತ್ತೆ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಬೇಕು, ಮಕ್ಕಳ ಪಾಠ ಅರ್ಧಕ್ಕೇ ನಿಲ್ಲಬೇಕು. ಅವರನ್ನು ಕೈಹಿಡಿದು ನಡೆಸಲು ಇನ್ನೊಬ್ಬರಿಲ್ಲ.

ಕೊನೆಯ ಕೋಣೆಯಲ್ಲಿ ಕೂರುತ್ತಿದ್ದವರು ದಾಖಲೆಗಳ ಮೇಲ್ವಿಚಾರಕಿ. ವಿದ್ಯಾರ್ಥಿಗಳ ದೂರು ವಿಚಾರಿಸುವುದೂ ಅವರ ಪಾಲಿಗೆ ಬಿದ್ದಿತ್ತು. ಯಾವ ಕಾಗದ ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡದೆ ಬಿಡರು. ಹಾಗಾಗಿ ಹುಡುಗರು ಅವರಿಗಿಟ್ಟ ಹೆಸರು ಭೂತಗನ್ನಡಿ. ಅದು ಅವರಿಗೂ ಗೊತ್ತಿತ್ತು.

"ಕೂತ್ಕೋಮ್ಮ. ಅಳೋದು ಆಮೇಲೆ. ಸಹಿ ನಿಂದೇನಾ?"

"ನಂದೇ ಮೇಡಂ. ಆದ್ರೆ ನಾನು ಈ ಅರ್ಜಿ ಕೊಟ್ಟಿಲ್ಲ."

"ಎರಡೂ ಹೇಗಮ್ಮ ನಿಜ ಆಗುತ್ತೆ?"

ಮೇಡಂ ನೆರವು ವಿಭಾಗದಿಂದ ತರಿಸಿದ್ದ ಅರ್ಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆರು ತಿಂಗಳ ಪ್ರಗತಿ ವರದಿ? ಹೋದ ತಿಂಗಳು ಮೂವತ್ತಕ್ಕೆ ಗಡುವಿತ್ತು."

"ಇಪ್ಪತ್ತೈದಕ್ಕೇ ಕೊಟ್ಟೆ. ನಮ್ಮ ವಿಭಾಗದ ಕಚೇರೀಲಿ, ಗುಮಾಸ್ತರು ದೊಡ್ಡಪ್ಪನ ಕೈಗೆ."

"ಸ್ವೀಕೃತಿ ಚೀಟಿ ಎಲ್ಲಿ?"

"ದೊಡ್ಡಪ್ಪನ ಹತ್ರ ಚೀಟಿ ಕೇಳೋದಾ ಮೇಡಂ?"

ಮೇಡಂ ಗಂಟೆ ಒತ್ತಿದರು. ಮೂವರಿಗೆ ಕರೆ ಕಳಿಸಿದರು.

ಮೊದಲು ಬಂದವನು ಕಾಯುವ ಪಟ್ಟಿಯಲ್ಲಿ ಮೊದಲಿದ್ದ ಸಹಪಾಠಿ.

"ಇವಳ ಜಾಗ ಹೋದ್ರೆ ನಿನಗೇ ತಾನೆ ಲಾಭ?"

"ಹೌದು ಮೇಡಂ. ನನಗೂ ನೆರವು ಬೇಕು, ಸುಳ್ಯಾಕೆ ಹೇಳ್ಲಿ? ಆದ್ರೆ ಇವಳ ಕುತ್ತಿಗೆ ಕೊಯ್ದು ಬೇಡ."

ಎರಡನೆಯವರು ಅವಳ ಮಾರ್ಗದರ್ಶಕ ಪ್ರೊಫೆಸರ್. ಹೋದ ತಿಂಗಳು ಅವರಿಬ್ಬರೂ ಜಗಳವಾಡಿದ್ದು ಇಡೀ ವಿಭಾಗಕ್ಕೆ ಕೇಳಿತ್ತು.

"ಇವಳು ನಿಮಗೆ ಬೇಡವಾಗಿದ್ಲು ಅಂತಾರೆ?"

"ಬೈದಿದ್ದು ನಿಜ. ಬರಹದಲ್ಲಿ ಅವಸರ ಮಾಡ್ತಾಳೆ, ಬೈದೆ. ಆದ್ರೆ ವರದಿಗೆ 'ಅತ್ಯುತ್ತಮ' ಅಂತ ಬರೆದು ಸಹಿ ಹಾಕಿ ಅವಳ ಕೈಗೇ ಕೊಟ್ಟೆ. ಓಡಿಸೋನು ಹಾಗೆ ಬರೀತಾನಾ?"

ಸಂಶೋಧಕಿ ತಲೆ ತಗ್ಗಿಸಿದಳು. ಆ ಒಂದು ಮಾತು ಓದಿ ಅವಳು ಆ ದಿನ ಊಟ ಮರೆತಿದ್ದಳು.

ಮೂರನೆಯವರು ದೊಡ್ಡಪ್ಪ, ವಿಭಾಗದ ಹಿರಿಯ ಗುಮಾಸ್ತರು. ವಿದ್ಯಾರ್ಥಿಗಳೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಯಾವ ಅರ್ಜಿ ಎಲ್ಲಿಗೆ, ಯಾವ ದಿನಕ್ಕೆ— ಅವರು ಹೇಳಿದರೆ ಮುಗಿಯಿತು, ನಿಯಮದ ಪುಸ್ತಕ ಬೇಕಿರಲಿಲ್ಲ. ಎರಡು ತಿಂಗಳಲ್ಲಿ ನಿವೃತ್ತಿ. ಒಳಗೆ ಬಂದವರೇ ಹೂಜಿಯಿಂದ ನೀರು ಬಗ್ಗಿಸಿ ಅವಳ ಮುಂದಿಟ್ಟರು.

"ಕುಡಿ ಮಗಾ. ಬಾಯಿ ಒಣಗಿದೆ."

"ಎಲ್ಲರೂ ಕೂತ್ಕೊಳ್ಳಿ," ಎಂದರು ಮೇಡಂ. ಗಂಟೆ ಮೂರಾಗಿತ್ತು.

"ಈ ಅರ್ಜೀಲಿ ಎಷ್ಟು ತೂತಿದೆ, ನೋಡಮ್ಮ."

ಸಂಶೋಧಕಿ ಎಣಿಸಿದಳು. "ಮೂರು."

"ಪಕ್ಕದ ಎರಡು ನೆರವು ವಿಭಾಗದ ಯಂತ್ರದ್ದು. ಅಲ್ಲಿ ಎಲ್ಲಾ ಕಾಗದಕ್ಕೂ ಹಾಗೇ ಹೊಡೀತಾರೆ. ಮೂಲೇಲಿರೋ ಇದು?"

"ಟ್ಯಾಗ್ ಹಾಕಿದ್ದು," ಎಂದರು ಪ್ರೊಫೆಸರ್. "ನಮ್ಮ ವಿಭಾಗದಲ್ಲಿ ಹಾಗೇ ಪೋಣಿಸಿಡೋದು."

"ಸರಿ. ಈಗ ಅದರ ಪಕ್ಕದ ಸಾಲು ನೋಡಿ. ಒಂದಕ್ಷರಾನೂ ತೂತಿನಲ್ಲಿ ಹೋಗಿಲ್ಲ. ಬರೆದೋರ ಪೆನ್ನು ತೂತಿನ ಹತ್ರ ಬಂದು ಪಕ್ಕಕ್ಕೆ ಸರಿದು ಮುಂದೆ ಹೋಗಿದೆ. ಅಂದ್ರೆ?"

ಸಹಪಾಠಿ ಮುಂದೆ ಬಗ್ಗಿದ. "ತೂತು ಮೊದಲು— ಬರಹ ಆಮೇಲೆ!"

"ಖಾಲಿ ಅರ್ಜಿ, ಕೆಳಗೆ ಸಹಿ ಮಾತ್ರ, ಟ್ಯಾಗಿನಲ್ಲಿ ಕಾದು ಕೂತಿತ್ತು. ಯಾವಾಗ ಹಾಕಿದ್ದಮ್ಮ ಆ ಸಹಿ?"

ಅವಳಿಗೆ ಥಟ್ಟನೆ ನೆನಪಾಯಿತು. ಸೇರಿದ ದಿನ. ಪ್ರತಿ ಸಲ ಮಕ್ಕಳ ಶಾಲೆಯಿಂದ ಓಡಿಬರುವ ತಾಪತ್ರಯ ಬೇಡವೆಂದು ಒಂದು ಕಟ್ಟು ಖಾಲಿ ಅರ್ಜಿಗೆ ಒಮ್ಮೆಗೇ ಸಹಿ ಹಾಕಿ ವಿಭಾಗದ ಬೀರುವಿನಲ್ಲಿ ಇಟ್ಟಿದ್ದಳು. ಎಲ್ಲರೂ ಹಾಗೇ ಮಾಡುತ್ತಿದ್ದರು.

"ಖಾಲಿ ಅರ್ಜಿಗೆ ಸಹಿ ಹಾಕಬಾರದು ಅಂತ ನಿಯಮದ ಮೊದಲನೇ ಪುಟದಲ್ಲೇ ಇದೆ. ಓದಿದ್ದೀಯಾ?"

"'ಓದಿದ್ದೇನೆ' ಅನ್ನೋದರ ಕೆಳಗೆ ಸಹಿ ಹಾಕಿದ್ದೆ ಮೇಡಂ." ತಪ್ಪಿನ ಒಂದು ಪಾಲು ತನ್ನದೂ ಹೌದು ಎಂಬುದು ಅವಳನ್ನು ಚುಚ್ಚಿತು.

"ಆ ಬೀರು ಯಾರು ಬೇಕಾದ್ರೂ ತೆಗೀಬಹುದಲ್ಲ, ಬರಹವೂ ಬಿಡಿಬಿಡಿ ಅಚ್ಚಕ್ಷರ," ಎಂದರು ಪ್ರೊಫೆಸರ್. "ಯಾರು ಅಂತ ಹೇಗೆ ಹೇಳ್ತೀರಿ?"

"ದಿನಾಂಕ ಹೇಳುತ್ತೆ. ಅರ್ಜಿ ನೆರವು ವಿಭಾಗಕ್ಕೆ ಬಂದದ್ದು ಈ ತಿಂಗಳು ಹನ್ನೆರಡಕ್ಕೆ, ಮೊಹರಿದೆ. ಬರೆದಿರೋದು ಹೋದ ತಿಂಗಳು ಇಪ್ಪತ್ತೆಂಟು. ಯಾಕೆ ಹಿಂದಿನ ದಿನಾಂಕ? ಜಾಗ ಕಸಿಯೋನಿಗೆ ಯಾವ ದಿನವಾದ್ರೂ ಒಂದೇ. ಸಿಟ್ಟಿನಲ್ಲಿ ಓಡಿಸೋರಿಗೂ ಅಷ್ಟೆ."

ಮೇಡಂ ನಿಯಮದ ಪುಸ್ತಕ ತೆರೆದರು. ದನಿ ತಗ್ಗಿಸಿದರು.

"ವರದಿ ಗಡುವಿನೊಳಗೆ ಬರದಿದ್ರೆ ನೆರವು ರದ್ದು, ಆರು ತಿಂಗಳ ಹಣಾನೂ ವಾಪಸ್ಸು. ಅರ್ಜೀಲಿ ಗಡುವಿಗೆ ಮೊದಲಿನ ದಿನಾಂಕವಿದ್ದು ತಾನಾಗಿ ಬಿಟ್ರೆ ಏನೂ ವಾಪಸ್ಸು ಕೊಡಬೇಕಿಲ್ಲ. ಅರ್ಜಿ ಬರೆದೋರು ನಿನ್ನ ಜಾಗ ಕಳೆದ್ರು, ಆದ್ರೆ ನಿನ್ನ ತಲೆ ಮೇಲೆ ಸಾಲ ಬೀಳದ ಹಾಗೆ ನೋಡ್ಕೊಂಡ್ರು. ಕೆಡುಕು ಬಯಸೋರು ಹಾಗೆ ಮಾಡ್ತಾರಾ? ಎಲ್ಲರೂ ವೈರಿಯನ್ನ ಹುಡುಕಿದ್ರಿ. ಈ ಕಾಗದದಲ್ಲಿರೋದು ಮಮತೆ."

ಮೇಡಂ ಪುಸ್ತಕ ಮುಚ್ಚಿದರು.

"ಇನ್ನೊಂದು. ನಿನ್ನ ವರದಿ ನೆರವು ವಿಭಾಗಕ್ಕೆ ಬಂದೇ ಇಲ್ಲ. ನಮಗದು ಗೊತ್ತಾಗಿದ್ದು ಇವತ್ತು, ನಾನು ವಿಚಾರಿಸಿದ ಮೇಲೆ. ವರದಿ ಹೋಗಿದೆ ಅಂತ ನೀನು ಅಂದ್ಕೊಂಡಿದ್ದೆ. ಪ್ರೊಫೆಸರೂ ಹಾಗೇ ಅಂದ್ಕೊಂಡಿದ್ರು. ಹೋಗಿಲ್ಲ ಅಂತ ಹನ್ನೆರಡನೇ ತಾರೀಕಿಗೇ ಗೊತ್ತಿದ್ದೋರು ಒಬ್ಬರೇ. ವರದಿ ಯಾರ ಕೈಯಲ್ಲಿತ್ತೋ ಅವರು."

ಸಂಶೋಧಕಿ ನಿಧಾನವಾಗಿ ತಿರುಗಿದಳು. "ದೊಡ್ಡಪ್ಪಾ?"

ಮುದುಕರು ಕೈಚೀಲದ ಬಾಯಿ ಬಿಚ್ಚಿ ಅಂಚು ಮುದುಡಿದ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟರು.

"ಇಪ್ಪತ್ತೈದರ ಸಂಜೆ ನಮ್ಮಾಕೆ ಬಿದ್ದು ಸೊಂಟ ಮುರ್ಕೊಂಡ್ಲು. ಇದು ಚೀಲದಲ್ಲೇ ಉಳೀತು. ಎರಡು ವಾರ ಆಸ್ಪತ್ರೇಲಿದ್ದೆ, ನೆನಪೇ ಇಲ್ಲ. ಹನ್ನೆರಡಕ್ಕೆ ಕೆಲಸಕ್ಕೆ ಬಂದು ಚೀಲ ಬಿಚ್ಚಿದ್ರೆ..."

"ಅವತ್ತೇ ಹೇಳಬೇಕಿತ್ತು," ಎಂದರು ಮೇಡಂ. "ಕಚೇರಿ ತಪ್ಪಿಂದ ತಡವಾದ್ರೆ ವಿದ್ಯಾರ್ಥಿಗೆ ಏನೂ ಆಗಲ್ಲ. ನಿಮಗೆ ಈ ನಿಯಮ ಬಾಯಿಪಾಠ."

"ಬಾಯಿಪಾಠ, ಹೌದು. ಹೇಳಿದ್ರೆ ನನ್ನ ಪಿಂಚಣಿಗೆ ಕುತ್ತು. ಆಕೆಯ ಔಷಧಿ ಅದರಿಂದಲೇ ಬರಬೇಕು." ಅವರು ಅವಳತ್ತ ನೋಡಲಿಲ್ಲ. "ನಿನಗೆ ಸಾಲ ಬೀಳಬಾರದು ಅಂತ ದಿನಾಂಕ ಹಿಂದೆ ಹಾಕಿದೆ ಮಗಾ. ಬುದ್ಧಿವಂತೆ, ಬೇರೆ ಎಲ್ಲಾದ್ರೂ ದಾರಿ ಆಗುತ್ತೆ ಅಂದ್ಕೊಂಡೆ."

"ನನಗೆ ಆಗಬಹುದು. ಆ ಹನ್ನೊಂದು ಮಕ್ಕಳಿಗೆ?" ಸಿಟ್ಟು ಉಕ್ಕುತ್ತಿತ್ತು, ಜತೆಗೆ ಸಂಕಟ. ಮೂರು ವರ್ಷ ಈ ಮನುಷ್ಯನನ್ನು ಅವಳು ಸ್ವಂತದವರೆಂದೇ ನಂಬಿದ್ದಳು.

ದೊಡ್ಡಪ್ಪ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಆಮೇಲೆ ಮೇಡಂ ಕೊಟ್ಟ ಬಿಳಿಹಾಳೆಯ ಮೇಲೆ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದರು. ತುಂಬಿದ ಮೇಲೆಯೇ ಸಹಿ. ಗಂಟೆ ಮೂರೂ ಮುಕ್ಕಾಲು. ಸಹಪಾಠಿಯೇ ಆ ಹಾಳೆಯನ್ನೂ ವರದಿಯನ್ನೂ ನೆರವು ವಿಭಾಗಕ್ಕೆ ಒಯ್ಯಲು ಎದ್ದು ಕೈಚಾಚಿದ.

"ತಾಳು," ಎಂದಳು ಸಂಶೋಧಕಿ.

ಕಣ್ಣೊರೆಸಿಕೊಂಡು ದೊಡ್ಡಪ್ಪನ ಎದುರು ಬಂದು ನಿಂತಳು. ಕೈ ಮುಂದೆ ಚಾಚಿದಳು.

"ಇಪ್ಪತ್ತೈದನೇ ತಾರೀಕು ನಿಮ್ಮ ಕೈಗೆ ವರದಿ ಕೊಟ್ಟಿದ್ದಕ್ಕೆ ಸ್ವೀಕೃತಿ ಚೀಟಿ ಬರೆದುಕೊಡಿ, ದೊಡ್ಡಪ್ಪ."